ಬಟ್ಟೆಯೇ ಕೂದಲಾಗುವಾಗ: ಹಿಜಾಬ್ ಕಾಸ್‌ಪ್ಲೇ ಕಟ್ಟುವ ಬಗೆ

ಹತ್ಸುನೆ ಮಿಕು ಎಂಬ ಜಪಾನಿ ಪಾತ್ರಕ್ಕೆ ಮೊಣಕಾಲು ದಾಟಿ ಇಳಿಯುವ ಹಸಿರುನೀಲಿ ಬಣ್ಣದ ಎರಡು ಜುಟ್ಟುಗಳಿವೆ. ತೋಳಿಲ್ಲದ ಬೂದು ಅಂಗಿ, ತೆರೆದ ಎಡ ತೋಳಿನ ಮೇಲೆ ಕೆಂಪಿನಲ್ಲಿ ‘01’ ಎಂಬ ಗುರುತು, ತೊಡೆಯ ಅರ್ಧಕ್ಕೇ ನಿಲ್ಲುವ ಕಪ್ಪು ನೆರಿಗೆ ಲಂಗ. ಕೂದಲು, ತೋಳು, ಕಾಲು ಯಾವುದನ್ನೂ ಹೊರಗೆ ತೋರಿಸದ ಹೆಣ್ಣುಮಗಳು ಈ ವೇಷ ಕಟ್ಟಬೇಕು. ಹತ್ತು ಮಾರು ದೂರದಿಂದ ನೋಡಿದವರೂ ‘ಅಗೋ ಮಿಕು’ ಎನ್ನಬೇಕು. ಆಗುವ ಮಾತೇ? ಮಲೇಷ್ಯಾ ಮತ್ತು ಇಂಡೊನೇಷ್ಯಾದ ಹುಡುಗಿಯರು ಇದಕ್ಕೆ ಸೂಜಿ ದಾರದಲ್ಲೇ ಉತ್ತರ ಕೊಟ್ಟಿದ್ದಾರೆ. ಆ ಉತ್ತರದ ಹೆಸರು ಹಿಜಾಬ್ ಕಾಸ್‌ಪ್ಲೇ.

ಕಾಸ್‌ಪ್ಲೇ ಎಂಬುದು ಕಾಸ್ಟ್ಯೂಮ್ ಮತ್ತು ಪ್ಲೇ ಎಂಬ ಎರಡು ಪದಗಳನ್ನು 1980ರ ದಶಕದ ಜಪಾನಿನಲ್ಲಿ ಬೆಸೆದು ಮಾಡಿದ ಮಾತು. ಕಾರ್ಟೂನು, ಕಂಪ್ಯೂಟರ್ ಆಟ, ಚಿತ್ರಕಥೆಗಳ ಒಂದು ಪಾತ್ರವನ್ನು ಆರಿಸಿಕೊಂಡು, ಅದರ ಉಡುಪನ್ನು ಆದಷ್ಟು ಕೈಯಾರೆ ಮಾಡಿ, ತೊಟ್ಟು ಮೇಳಕ್ಕೆ ಹೋಗುವ ಹವ್ಯಾಸ ಅದು. ನಮ್ಮ ಕರಾವಳಿಯವರು ಒಂದೇ ಮಾತಿನಲ್ಲಿ ‘ವೇಷ ಕಟ್ಟುವುದು’ ಎಂದುಬಿಡುತ್ತಾರೆ. ಬಡಗುತಿಟ್ಟು ಯಕ್ಷಗಾನದ ತಲೆಕಟ್ಟಾದ ಕೇದಗೆ ಮುಂದಲೆಯನ್ನು ಚೌಕಿಯಲ್ಲಿ, ಅಂದರೆ ಬಣ್ಣದ ಮನೆಯಲ್ಲಿ, ಕಟ್ಟುವುದನ್ನು ಹತ್ತಿರದಿಂದ ಕಂಡವರಿಗೆ ಹಿಜಾಬ್ ಕಾಸ್‌ಪ್ಲೇಯ ಅರ್ಧ ಗುಟ್ಟು ಆಗಲೇ ಗೊತ್ತು. ಬಟ್ಟೆಯನ್ನು ಸುತ್ತಿ, ಮಡಿಚಿ, ಬಿಗಿದು ತಲೆಯ ಮೇಲೆ ಬೇರೆಯೇ ಒಂದು ಆಕಾರ ಎಬ್ಬಿಸಬಹುದು ಎಂಬುದೇ ಆ ಗುಟ್ಟು.

ಇಂಡೊನೇಷ್ಯಾದ ಜನರಲ್ಲಿ ಸುಮಾರು 87 ಪ್ರತಿಶತ ಮುಸ್ಲಿಮರು. ಮಲೇಷ್ಯಾದಲ್ಲಿ 2020ರ ಜನಗಣತಿಯಂತೆ 63.5 ಪ್ರತಿಶತ. ಎರಡೂ ಕಡೆ ಜಪಾನಿ ಕಾರ್ಟೂನು ನೋಡುತ್ತಲೇ ಬೆಳೆದ ತಲೆಮಾರುಗಳಿವೆ. ಮಲೇಷ್ಯಾದಲ್ಲಿ ಕಾಮಿಕ್ ಫಿಯೆಸ್ಟಾ ಎಂಬ ಮೇಳ 2002ರಿಂದ ನಡೆಯುತ್ತಿದೆ. ಜಕಾರ್ತಾದ ಬ್ಲಾಕ್ ಎಂ ಬಡಾವಣೆಯ ಬೀದಿಗಳಲ್ಲಿ ಎನ್ನಿಚಿಸಾಯ್ ಎಂಬ ಜಪಾನಿ ಜಾತ್ರೆ 2010ರಲ್ಲಿ ಶುರುವಾಯಿತು. ತಲೆವಸ್ತ್ರ ತೊಡುವ ಹುಡುಗಿಯರು ಇಂಥ ಕಡೆ ಬಂದದ್ದು ಸಹಜ. ತಲೆವಸ್ತ್ರ ತೆಗೆದಿಟ್ಟು ವೇಷ ಹಾಕುವುದು ಅವರಿಗೆ ಬೇಕಿರಲಿಲ್ಲ, ವೇಷ ಬಿಟ್ಟು ಮನೆಯಲ್ಲಿ ಕೂರುವುದೂ ಬೇಕಿರಲಿಲ್ಲ. ಕನ್ನಡದ ಓದುಗರಿಗೆ ‘ಹಿಜಾಬ್’ ಎಂದ ಕೂಡಲೇ 2022ರ ಉಡುಪಿ, ಹೈಕೋರ್ಟಿನ ಮಾರ್ಚ್ ತೀರ್ಪು, ಸುಪ್ರೀಂ ಕೋರ್ಟಿನ ಅಕ್ಟೋಬರದ ಭಿನ್ನ ತೀರ್ಪುಗಳೇ ನೆನಪಾಗುತ್ತವೆ. ಅಲ್ಲಿ ಹಿಜಾಬ್ ವಾದದ ವಿಷಯವಾಗಿತ್ತು, ಇಲ್ಲಿ ಅದು ಕಚ್ಚಾ ಸಾಮಗ್ರಿ. ಈ ಹವ್ಯಾಸದಲ್ಲಿ ಧರ್ಮದ ಗುರುತು ಫಲಕದ ಮೇಲಿನ ಬರಹವಾಗಿ ಬರುವುದಿಲ್ಲ. ಯಾವ ಬಟ್ಟೆ, ಎಷ್ಟು ಉದ್ದ, ಎಲ್ಲಿ ಹೊಲಿಗೆ, ಎಲ್ಲಿ ಗುಂಡಿ ಎಂಬ ನಿರ್ಧಾರಗಳಲ್ಲಿ ಅದು ಕೂತಿರುತ್ತದೆ.

ನಿಯಮ ಬಟ್ಟೆಯ ಮೇಲೆ ಹೇಗೆ ಇಳಿಯುತ್ತದೆ

ಕುರ್‌ಆನಿನ 24ನೇ ಅಧ್ಯಾಯ ಅನ್ನೂರ್‌ನ 31ನೇ ಸೂಕ್ತವು ತಲೆಯ ಹೊದಿಕೆಯನ್ನು ಎದೆಯ ಮೇಲೆ ಇಳಿಬಿಡಲು ಹೇಳುತ್ತದೆ. 33ನೇ ಅಧ್ಯಾಯ ಅಲ್‌ಅಹ್‌ಝಾಬ್‌ನ 59ನೇ ಸೂಕ್ತ ಮೇಲುಹೊದಿಕೆಯ ಬಗ್ಗೆ ಹೇಳುತ್ತದೆ. ಮುಚ್ಚಬೇಕಾದ ಮೈಭಾಗಕ್ಕೆ ಮಲಯ್ ಭಾಷೆಯಲ್ಲಿ ‘ಔರತ್’ ಎನ್ನುತ್ತಾರೆ. ನಮ್ಮ ಉರ್ದುವಿನಲ್ಲಿ ಅದೇ ಪದಕ್ಕೆ ಹೆಂಗಸು ಎಂಬ ಅರ್ಥ ಬಂದಿದೆ, ಅಲ್ಲಿ ಹಾಗಲ್ಲ. ಮಲೇಷ್ಯಾ, ಇಂಡೊನೇಷ್ಯಾಗಳಲ್ಲಿ ರೂಢಿಯಲ್ಲಿರುವ ಅಳತೆಯಂತೆ ಮುಖ ಮತ್ತು ಮಣಿಕಟ್ಟಿನವರೆಗಿನ ಕೈ ಬಿಟ್ಟು ಉಳಿದದ್ದೆಲ್ಲ ಮುಚ್ಚಿರಬೇಕು. ಬಟ್ಟೆ ಮೈಬಣ್ಣ ತೋರುವಷ್ಟು ತೆಳುವಾಗಿರಬಾರದು, ಮೈಯ ಅಚ್ಚು ಮೂಡುವಷ್ಟು ಬಿಗಿಯಾಗಿಯೂ ಇರಬಾರದು. ದರ್ಜಿಯ ಲೆಕ್ಕದಲ್ಲಿ ಇವು ಮೂರು ಬೇಡಿಕೆಗಳು: ಉದ್ದ, ದಪ್ಪ, ಸಡಿಲ.

ಇನ್ನು ಕೆಲವು ಮಾತುಗಳು ನೇರವಾಗಿ ತಲೆಗೆ ಸಂಬಂಧಿಸಿದವು. ಕೂದಲಿಗೆ ಕೂದಲು ಜೋಡಿಸುವವಳನ್ನು ಖಂಡಿಸುವ ಹದೀಸ್, ಅಂದರೆ ಪ್ರವಾದಿಯ ನುಡಿ, ಇದೆ. ಮನುಷ್ಯರ ಕೂದಲಿನ ವಿಗ್ ಬೇಡವೆಂದು ಬಹುತೇಕ ವಿದ್ವಾಂಸರು ಹೇಳುವುದು ಅದರ ಮೇಲೆಯೇ. ಇಸ್ಲಾಮಿನ ಧರ್ಮಶಾಸ್ತ್ರದ ಪಂಥಗಳಲ್ಲೊಂದಾದ ಹನಫಿ ಉಣ್ಣೆ, ಮೇಕೆಯ ಕೂದಲಿನಂಥವಕ್ಕೆ ಅವಕಾಶ ಕೊಡುತ್ತದೆ. ‘ಒಂಟೆಯ ಡುಬ್ಬದಂಥ ತಲೆ’ಯ ಬಗ್ಗೆ ಎಚ್ಚರಿಸುವ ಹದೀಸ್ ಸಹೀಹ್ ಮುಸ್ಲಿಂ ಎಂಬ ಹದೀಸ್ ಸಂಗ್ರಹದಲ್ಲಿದೆ. ತಲೆವಸ್ತ್ರದ ಒಳಗೆ ಎತ್ತರದ ತುರುಬು ಕಟ್ಟುವುದನ್ನು ಮಲೇಷ್ಯಾದಲ್ಲಿ ಹಲವರು ತಪ್ಪಿಸುವುದು ಈ ಕಾರಣಕ್ಕೆ. ಬೇರೆ ಧರ್ಮದ ಪೂಜಾಚಿಹ್ನೆ ತೊಡುವ ಬಗ್ಗೆಯೂ ಹಿಂಜರಿಕೆಯಿದೆ. ಹಾಗಾಗಿ ಕ್ರೈಸ್ತ ಸನ್ಯಾಸಿನಿಯ ಪಾತ್ರವನ್ನು ಕೈಬಿಡುತ್ತಾರೆ, ಕವಚದ ಮೇಲೆ ಶಿಲುಬೆಯಿದ್ದರೆ ಅದರ ಜಾಗದಲ್ಲಿ ವಜ್ರಾಕಾರ ಹಾಕುತ್ತಾರೆ. ಯಾರು ಎಷ್ಟನ್ನು ಪಾಲಿಸುತ್ತಾರೆ ಎಂಬುದು ಒಬ್ಬೊಬ್ಬರಿಗೆ ಒಂದೊಂದು ಥರ. ಒಬ್ಬಳಿಗೆ ಬಟ್ಟೆಯ ಜುಟ್ಟು ಸರಿ, ಇನ್ನೊಬ್ಬಳಿಗೆ ಅದೂ ಅತಿ. ವೇಷ ಆರಿಸುವ ಮೊದಲೇ ತನ್ನ ಗೆರೆ ಎಲ್ಲಿದೆ ಎಂದು ತೀರ್ಮಾನಿಸಿಕೊಂಡವಳ ಕೆಲಸ ಸಲೀಸು. ಅರ್ಧ ಹೊಲಿದ ಮೇಲೆ ಗೆರೆ ಬದಲಿಸಿದರೆ ಬಟ್ಟೆ ಮತ್ತು ಕಾಸು ಎರಡೂ ಹಾಳು.

ಮೂರು ದಾರಿ

ಮೊದಲನೆಯದು, ತಲೆ ಆಗಲೇ ಮುಚ್ಚಿರುವ ಪಾತ್ರವನ್ನೇ ಆರಿಸುವುದು. ಡಿಸ್ನಿಯ ಕೊಂಬಿನ ಮಾಟಗಾತಿ ಮಲೆಫಿಸೆಂಟ್‌ಳ ಕಪ್ಪು ಶಿರಕವಚ ಕೂದಲು, ಕಿವಿ ಎರಡನ್ನೂ ಮುಚ್ಚುತ್ತದೆ, ನಿಲುವಂಗಿ ನೆಲ ಮುಟ್ಟುತ್ತದೆ. ಮಾಡಲಿಕ್ಕಿರುವುದು ಕೊಂಬು ಮಾತ್ರ. ಶಿರಸ್ತ್ರಾಣ ತೊಟ್ಟ ಯೋಧರು, ರೋಬೋಟುಗಳು, ಕೆಂಪು ಟೋಪಿ ಹೊದ್ದ ಕಥೆಯ ಹುಡುಗಿ ಎಲ್ಲರೂ ಈ ಸಾಲಿನವರೇ. ಮೊದಲ ಬಾರಿಗೆ ವೇಷ ಕಟ್ಟುವವರು ಇಲ್ಲಿಂದಲೇ ಶುರುಮಾಡುವುದು ಒಳ್ಳೆಯದು.

ಎರಡನೆಯದು, ತಲೆವಸ್ತ್ರದ ಮೇಲೆ ವಿಗ್ ಇಡುವುದು. ನೋಡಲು ಪಾತ್ರಕ್ಕೆ ಹತ್ತಿರ, ಆದರೆ ವಿಗ್‌ನ ಚರ್ಚೆ ಬಗಲಿಗೇ ಬರುತ್ತದೆ. ಕೆಲಸದ ದೃಷ್ಟಿಯಿಂದಲೂ ತೊಡಕು: ಕೆಳಗಿನ ಬಟ್ಟೆಯ ದಪ್ಪ ಸೇರಿ ತಲೆಯ ಸುತ್ತಳತೆ ಹೆಚ್ಚಾಗುತ್ತದೆ, ಮಾಮೂಲಿ ವಿಗ್ ಮೇಲಕ್ಕೆ ಜಾರುತ್ತದೆ. ಕತ್ತಿನ ಬಳಿ ವಿಗ್‌ಗೂ ಬಟ್ಟೆಗೂ ನಡುವಿನ ಗೆರೆ ಎದ್ದು ಕಾಣುತ್ತದೆ.

ಮೂರನೆಯದೇ ಈ ಹವ್ಯಾಸದ ನಿಜವಾದ ಕಲೆ. ತಲೆವಸ್ತ್ರವನ್ನೇ ಕೂದಲಿನ ಆಕಾರಕ್ಕೆ ತರುವುದು. ಮಿಕುವಿನ ತಲೆ ಇದಕ್ಕೆ ಒಳ್ಳೆಯ ಪಾಠ. ಅವಳು 2007ರ ಆಗಸ್ಟ್ 31ರಂದು ಸಪ್ಪೊರೊದ ಕ್ರಿಪ್ಟನ್ ಫ್ಯೂಚರ್ ಮೀಡಿಯಾ ಹೊರತಂದ ಹಾಡುವ ಸಾಫ್ಟ್‌ವೇರಿನ ಮುಖಚಿತ್ರ. ಅವಳ ಗುರುತೆಲ್ಲ ಬಣ್ಣ ಮತ್ತು ಹೊರರೇಖೆಯಲ್ಲಿದೆ. ಹೊರರೇಖೆ ಸರಿ ಬಂದರೆ ಅದು ಕೂದಲೋ ಬಟ್ಟೆಯೋ ಎಂದು ಕಣ್ಣು ಕೇಳುವುದೇ ಇಲ್ಲ.

ಮಿಕುವಿನ ತಲೆ, ಪದರ ಪದರವಾಗಿ

ಎಲ್ಲಕ್ಕಿಂತ ಒಳಗೆ ಹತ್ತಿ-ಲೈಕ್ರಾದ ಒಳಟೋಪಿ. ಮಲೇಷ್ಯಾದಲ್ಲಿ ಇದನ್ನು ‘ಅನಾಕ್ ತುದುಂಗ್’ ಎನ್ನುತ್ತಾರೆ, ಇಂಡೊನೇಷ್ಯಾದಲ್ಲಿ ‘ಚಿಪುತ್’. ತನ್ನ ಕೂದಲನ್ನು ಕತ್ತಿನ ಸಮೀಪ ತಗ್ಗಾಗಿ, ಚಪ್ಪಟೆಯಾಗಿ ಕಟ್ಟಿ ಇದರೊಳಗೆ ಸೇರಿಸಬೇಕು. ತುರುಬು ಮೇಲಿದ್ದರೆ ಮುಂದೆ ಬರುವ ಪಟ್ಟಿ ಅದರ ಮೇಲೆ ಏರಿ ಹಿಂದಕ್ಕೆ ಜಾರುತ್ತದೆ. ಒಳಟೋಪಿ ನೈಲಾನಿನದಾದರೆ ನುಣುಪು ಹೆಚ್ಚು, ಏನೂ ನಿಲ್ಲುವುದಿಲ್ಲ. ಹತ್ತಿಯೇ ಬೇಕು.

ಅದರ ಮೇಲೆ ಮೂಲ ಸ್ಕಾರ್ಫ್. ಬಣ್ಣ ಪಾತ್ರದ ಕೂದಲಿನದು, ಬಟ್ಟೆ ಹಿಗ್ಗುವ ಜರ್ಸಿ, ಅಳತೆ ಸುಮಾರು 175 × 70 ಸೆಂ.ಮೀ. ಕೂದಲು, ಕಿವಿ, ಕತ್ತು ಮುಚ್ಚುವ ಕೆಲಸ ಪೂರ್ತಿ ಇದರದ್ದು. ಮುಂಭಾಗ ಕತ್ತಿನಿಂದ 30 ಸೆಂ.ಮೀ. ಕೆಳಗಿಳಿದು ಎದೆಯನ್ನು ಮುಚ್ಚಬೇಕು. ಈ ಪದರಕ್ಕೆ ಏನನ್ನೂ ಹೊಲಿಯಬಾರದು, ಅಂಟಿಸಲೂಬಾರದು. ಇಡೀ ವೇಷದ ನಿಯತ್ತು ಇದರ ಮೇಲೆ ನಿಂತಿದೆ. ಮೇಲಿನ ಅಲಂಕಾರ ಯಾವ ಗಳಿಗೆಯಲ್ಲಿ ಕಳಚಿ ಬಿದ್ದರೂ ಇವಳು ಹಿಜಾಬಿನಲ್ಲೇ ಇರುತ್ತಾಳೆ.

ಮೂರನೆಯದು ‘ಕೂದಲು’. ಇದನ್ನು ಬೇರೆಯಾಗಿ ಒಂದು ಪಟ್ಟಿಯ ಮೇಲೆ ಕಟ್ಟಬೇಕು. 2.5 ಸೆಂ.ಮೀ. ಅಗಲದ ಇಲಾಸ್ಟಿಕ್ ತೆಗೆದುಕೊಂಡು, ಒಳಟೋಪಿ ಮತ್ತು ಸ್ಕಾರ್ಫ್ ಹಾಕಿಕೊಂಡ ಮೇಲಿನ ತಲೆಯ ಸುತ್ತಳತೆಗಿಂತ ಹತ್ತನೇ ಒಂದು ಭಾಗ ಕಡಿಮೆ ಕತ್ತರಿಸಿ. ಸುತ್ತಳತೆ 58 ಸೆಂ.ಮೀ. ಬಂದರೆ ಇಲಾಸ್ಟಿಕ್ 52. ಪಟ್ಟಿ ಮುಂದೆ ಹಣೆಯ ಮೇಲ್ಗಡೆ ಕೂರಬೇಕು, ಹಿಂದೆ ತಲೆಬುರುಡೆಯ ಉಬ್ಬಿನ ಕೆಳಗೆ ಹೋಗಬೇಕು. ಹಿಂದಿನ ಈ ಜಾಗ ತಪ್ಪಿದರೆ ಜುಟ್ಟಿನ ಭಾರ ಪಟ್ಟಿಯನ್ನು ಹಿಂದಕ್ಕೆ ಎಳೆದು ಒಂದು ಗಂಟೆಯೊಳಗೆ ಕಳಚುತ್ತದೆ.

ಜುಟ್ಟಿಗೆ ಯಾವ ಬಟ್ಟೆ ಎಂಬುದು ತೂಕದ ಪ್ರಶ್ನೆ. 155 ಸೆಂ.ಮೀ. ಎತ್ತರದವಳಿಗೆ ಕಿವಿಯ ಮೇಲಿಂದ ಮೊಣಕಾಲಿನ ತನಕ ಸುಮಾರು 95 ಸೆಂ.ಮೀ. ಉದ್ದ ಬೇಕು. ಎಲೆಯ ಆಕಾರದಲ್ಲಿ, ನಡುವೆ 45 ಸೆಂ.ಮೀ. ಅಗಲ, ತುದಿ ಚೂಪು. ಒಂದು ಜುಟ್ಟಿಗೆ ಇಂಥ ಮೂರು ಎಲೆ. ಮೂರೂ ಸೇರಿ 0.85 ಚದರ ಮೀಟರ್ ಬಟ್ಟೆ. ಚದರ ಮೀಟರಿಗೆ 70 ಗ್ರಾಂ ತೂಗುವ ಜಾರ್ಜೆಟ್ ಆದರೆ ಒಂದು ಜುಟ್ಟು 60 ಗ್ರಾಂ. 190 ಗ್ರಾಂ ತೂಗುವ ಜರ್ಸಿಯಾದರೆ 160 ಗ್ರಾಂ, ಎರಡು ಕಡೆ ಸೇರಿ 320. ದಿನವಿಡೀ ಕಿವಿಯ ಮೇಲೆ ಅಷ್ಟು ಜೋತುಬಿದ್ದರೆ ತಲೆನೋವು ಖಂಡಿತ. ಹಾಗಾಗಿ ಒಳಗೆ ಜರ್ಸಿ, ಹೊರಗೆ ಜಾರ್ಜೆಟ್. 44 ಇಂಚು ಪನ್ನದ, ಅಂದರೆ ಅಷ್ಟು ಅಗಲದ, ಜಾರ್ಜೆಟ್‌ನಲ್ಲಿ ಅಗಲಕ್ಕೆ ಎರಡು ಎಲೆ ಕೂರುತ್ತವೆ. ಆರು ಎಲೆಗೆ ಮೂರು ಮೀಟರ್ ಸಾಕು.

ಜಾರ್ಜೆಟ್ ಅಂಚು ನೂಲು ಬಿಡುತ್ತದೆ. ಸೀರೆಗೆ ಪೀಕೊ ಹಾಕುವವರ ಬಳಿ ಕೊಟ್ಟು ಎಲೆಗಳ ಸುತ್ತ ಪೀಕೊ ಹಾಕಿಸಿದರೆ ಅಂಚೂ ನಿಲ್ಲುತ್ತದೆ, ಸಣ್ಣಗೆ ಅಲೆಯೂ ಬರುತ್ತದೆ. ಆ ಅಲೆಯೇ ಕೂದಲಿನ ತುದಿಯಂತೆ ಕಾಣುತ್ತದೆ. ಹೊರಗಿನ ಒಂದು ಎಲೆಯನ್ನು ಮಾತ್ರ ಸ್ಯಾಟಿನ್‌ನಲ್ಲಿ ಮಾಡಿದರೆ ಬೆಳಕು ಬಿದ್ದಾಗ ಎಣ್ಣೆ ಹಚ್ಚಿ ಬಾಚಿದ ಕೂದಲಿನ ಮಿಂಚು ಸಿಗುತ್ತದೆ. ಮೂರನ್ನೂ ಸ್ಯಾಟಿನ್ ಮಾಡಬೇಡಿ, ಒಂದರ ಮೇಲೊಂದು ಜಾರಿ ಆಕಾರ ಕೆಡುತ್ತದೆ.

ಜುಟ್ಟಿನ ಬುಡಕ್ಕೆ 5 ಮಿ.ಮೀ. ಇವಿಎ ಫೋಮ್‌ನ, 7 ಸೆಂ.ಮೀ. ವ್ಯಾಸದ ಬಿಲ್ಲೆ. ಇಂಡೊನೇಷ್ಯಾದಲ್ಲಿ ಈ ಫೋಮ್‌ಗೆ ‘ಸ್ಪೊನ್ಸ್ ಆತಿ’ ಎನ್ನುತ್ತಾರೆ, ಚಪ್ಪಲಿಯ ಅಟ್ಟೆಗೂ ಅದೇ. ಬಿಲ್ಲೆಗೆ ಜರ್ಸಿ ಸುತ್ತಿ, ಮೂರು ಎಲೆಗಳ ಬುಡಕ್ಕೆ ನೆರಿಗೆ ಹಿಡಿದು ಅದಕ್ಕೆ ಕೈಹೊಲಿಗೆ ಹಾಕಿ, ಬಿಲ್ಲೆಯನ್ನು ಪಟ್ಟಿಗೆ ಎಂಟು ಕಡೆ ಬಿಗಿಯಬೇಕು. ಬಿಲ್ಲೆ ಇಲ್ಲದೆ ಜುಟ್ಟನ್ನು ನೇರವಾಗಿ ಪಟ್ಟಿಗೆ ಹೊಲಿದರೆ ಅದು ತಲೆಯಿಂದ ಹೊರಚಾಚುವ ಬದಲು ಕಿವಿಯ ಪಕ್ಕದಲ್ಲಿ ಒದ್ದೆ ಬಟ್ಟೆಯಂತೆ ಇಳಿಬೀಳುತ್ತದೆ. ಹೊಸಬರು ಮಾಡುವ ಅತಿ ಸಾಮಾನ್ಯ ತಪ್ಪು ಇದು.

ಹಣೆಯ ಮೇಲಿನ ಕೂದಲಿಗೆ ಐದರಿಂದ ಏಳು ತ್ರಿಕೋನ. ಬುಡ 4 ಸೆಂ.ಮೀ., ಉದ್ದ 9ರಿಂದ 12. ಎರಡು ಪದರ ಬಟ್ಟೆಯ ನಡುವೆ ಇಸ್ತ್ರಿಯಲ್ಲಿ ಅಂಟುವ ತೆಳು ಕ್ಯಾನ್ವಾಸ್ ಇಟ್ಟು ಹೊಲಿದು ತಿರುಗಿಸಬೇಕು. ಒಂದು ಛಾಯೆ ಗಾಢವಾದ ದಾರದಲ್ಲಿ ಅರ್ಧ ಸೆಂ.ಮೀ. ಅಂತರಕ್ಕೆ ಉದ್ದ ಹೊಲಿಗೆ ಹಾಕಿದರೆ ಎಳೆ ಎಳೆಯಾಗಿ ಕಾಣುತ್ತದೆ. ತುದಿಗಳು ಹುಬ್ಬಿಗಿಂತ 1 ಸೆಂ.ಮೀ. ಮೇಲೆ ನಿಲ್ಲಲಿ, ಇಲ್ಲವಾದರೆ ರೆಪ್ಪೆಗೆ ತಾಗಿ ಕಣ್ಣೀರು ಬರುತ್ತದೆ. ಮಲೇಷ್ಯಾದಲ್ಲಿ ಸುತ್ತದೆ ಹಾಗೆಯೇ ಹಾಕಿಕೊಳ್ಳುವ ತುದುಂಗ್‌ಗಳಲ್ಲಿ, ಅಂದರೆ ತಲೆವಸ್ತ್ರಗಳಲ್ಲಿ, ಮುಖದ ಸುತ್ತ ಫೋಮ್ ಇಟ್ಟ ಗಟ್ಟಿ ಅಂಚು ಇರುತ್ತದೆ, ಅದಕ್ಕೆ ‘ಆವ್ನಿಂಗ್’ ಎಂದೇ ಹೆಸರು. ಅಂಥ ಅಂಚನ್ನು ಬಿಡಿಯಾಗಿ ಪಟ್ಟಿಗೆ ಸೇರಿಸಿಕೊಂಡರೆ ತ್ರಿಕೋನಗಳನ್ನು ಅದರ ಒಳಗಂಚಿಗೆ ಹೊಲಿಯುವುದು ಸುಲಭ. ಆದರೆ ಆವ್ನಿಂಗ್ ಅಗಲವಾದಷ್ಟೂ ಪಕ್ಕದ ನೋಟ ಕಡಿಮೆಯಾಗುತ್ತದೆ, ಜನಜಂಗುಳಿಯಲ್ಲಿ ಎಸ್ಕಲೇಟರ್ ಹತ್ತುವಾಗ ಇದನ್ನು ನೆನಪಿಡಬೇಕು.

ಪೂರ್ತಿ ಘಟಕ ಸ್ಕಾರ್ಫಿನ ಮೇಲೆ ಹಿಡಿತದಿಂದಲೇ ಕೂರುತ್ತದೆ. ಭರವಸೆಗೆ ಸ್ಕಾರ್ಫಿನಿಂದ ಹೊರಗೆ ಇಣುಕುವ ಒಳಟೋಪಿಯ ಮುಂದಿನ ಅಂಚಿಗೆ, ಹಣೆಯ ಎರಡು ಮೂಲೆಗಳಲ್ಲಿ, ಪ್ರೆಸ್ ಬಟನ್. ಮಿಕುವಿನ ಹೆಡ್‌ಫೋನ್‌ಗಳನ್ನೂ ಇದೇ ಫೋಮ್‌ನಲ್ಲಿ ಮಾಡಿ ಪಟ್ಟಿಗೇ ಸೇರಿಸಿದರೆ ಹೊಲಿಗೆಯ ಗುರುತು ಅದರ ಹಿಂದೆ ಅಡಗುತ್ತದೆ. ಫೋಮ್ ಜೋಡಿಸಲು ಚಪ್ಪಲಿಗೆ ಹಚ್ಚುವ ರಬ್ಬರ್ ಅಂಟು ಸಾಕು. ಎರಡೂ ಮುಖಕ್ಕೆ ಹಚ್ಚಿ, ಬೆರಳಿಗೆ ಅಂಟದಷ್ಟು ಒಣಗಲು ಹತ್ತು ನಿಮಿಷ ಕಾದು, ಆಮೇಲೆ ಒತ್ತಬೇಕು. ಹಸಿಯಿರುವಾಗಲೇ ಒತ್ತಿದರೆ ಹಿಡಿಯುವುದಿಲ್ಲ. ಈ ಅಂಟಿನ ಹಬೆ ತಲೆ ತಿರುಗಿಸುತ್ತದೆ, ಕಿಟಕಿ ತೆರೆದಿಟ್ಟು ಕೆಲಸ ಮಾಡಿ.

ಮೈಯ ಭಾಗ: ಮುಚ್ಚುವುದರ ಜೊತೆ ಅಳತೆ ಬದಲಿಸುವುದು

ಚಿಕ್ಕ ಲಂಗದ ಪಾತ್ರಕ್ಕೆ ಮೈಬಣ್ಣದ ಲೆಗ್ಗಿಂಗ್ ಹಾಕಿದರೆ ಮುಗಿಯಿತು ಎಂದುಕೊಳ್ಳುವವರಿದ್ದಾರೆ. ದೂರದಿಂದ, ಫೋಟೋದಲ್ಲಿ ಅದು ಬರಿಗಾಲಿನಂತೆಯೇ ಕಾಣುತ್ತದೆ, ಬಿಗಿಯೂ ಹೌದು. ಮುಚ್ಚಿಯೂ ಮುಚ್ಚಿದಂತಾಗುವುದಿಲ್ಲ. ಉಡುಪಿನ ಎರಡನೇ ಬಣ್ಣವನ್ನು ಒಳ ಉಡುಪಿಗೆ ತರುವುದೇ ಸರಿಯಾದ ದಾರಿ. ಮಿಕುವಿಗೆ ಅದು ಬೂದು ಮತ್ತು ಕಪ್ಪು. ಎದೆಯ ಅಳತೆಗಿಂತ 15 ಸೆಂ.ಮೀ. ಸಡಿಲವಾದ, ಉದ್ದ ತೋಳಿನ ಬೂದು ಅಂಗಿ. ಅದರ ಮೇಲೆ ಪಾತ್ರದ ಬಿಡಿ ತೋಳುಗಳು. ಭುಜದ ಹತ್ತಿರ ಕಾಣಬೇಕಾದ ‘01’ ಅನ್ನು ಅಂಗಿಯ ಎಡ ತೋಳಿನ ಮೇಲೆ ಕೆಂಪು ದಾರದಲ್ಲಿ ಕಸೂತಿ ಮಾಡಬಹುದು. ಚರ್ಮದ ಮೇಲಿದ್ದ ಗುರುತು ಬಟ್ಟೆಗೆ ವರ್ಗವಾಯಿತು, ಪಾತ್ರ ಏನನ್ನೂ ಕಳೆದುಕೊಳ್ಳಲಿಲ್ಲ. ಹಿಜಾಬ್ ಕಾಸ್‌ಪ್ಲೇಯ ಜಾಣ್ಮೆಯೆಲ್ಲ ಇಂಥ ವರ್ಗಾವಣೆಗಳಲ್ಲಿದೆ.

ಕಾಲರ್ ಮತ್ತು ಟೈ ಅಂಗಿಗೇ ಇದ್ದರೆ ಸ್ಕಾರ್ಫಿನ ಮುಂಭಾಗ ಅವನ್ನು ನುಂಗುತ್ತದೆ. ಸ್ಕಾರ್ಫನ್ನು ಅಂಗಿಯೊಳಗೆ ತುರುಕಿದರೆ ಎದೆ ಮುಚ್ಚುವ ಪದರವೇ ಹೋಯಿತು. ಅದಕ್ಕೆ ಅಂಗಿಯಿಂದ ಬೇರೆಯಾದ ಬಿಡಿ ಕಾಲರ್ ಹೊಲಿದು, ಟೈಯನ್ನು ಅದಕ್ಕೇ ಕೂರಿಸಿ, ಸ್ಕಾರ್ಫಿನ ಮೇಲೆ ತೊಟ್ಟು ಹಿಂದೆ ಹುಕ್ಕು ಹಾಕಬೇಕು.

ಲಂಗವನ್ನು ಉದ್ದ ಮಾಡುವಾಗ ಅಂಚಿನ ಪಟ್ಟಿಯನ್ನು ಮರೆಯುವವರೇ ಹೆಚ್ಚು. 35 ಸೆಂ.ಮೀ. ಲಂಗಕ್ಕೆ 2.5 ಸೆಂ.ಮೀ.ನ ಹಸಿರುನೀಲಿ ಪಟ್ಟಿ ಒಪ್ಪುತ್ತದೆ. ಅದೇ ಪಟ್ಟಿ 95 ಸೆಂ.ಮೀ. ಲಂಗದಲ್ಲಿ ದಾರದಂತೆ ಕಂಡು, ಉಡುಪು ಯಾವುದೋ ಶಾಲೆಯ ಸಮವಸ್ತ್ರವಾಗಿಬಿಡುತ್ತದೆ. ಉದ್ದ 2.7 ಪಟ್ಟು ಆಗಿದ್ದರೆ ಪಟ್ಟಿಯೂ 2.7 ಪಟ್ಟಾಗಿ, ಅಂದರೆ ಸುಮಾರು 7 ಸೆಂ.ಮೀ. ಇರಬೇಕು. ಗುಂಡಿ, ಜೇಬು, ನೆರಿಗೆಯ ಅಗಲಕ್ಕೂ ಇದೇ ಲೆಕ್ಕ.

ಉದ್ದ ಲಂಗಕ್ಕೆ ಪೂರ್ತಿ ನೆರಿಗೆ ಹಿಡಿದರೆ ಮೂರು ಪಟ್ಟು ಬಟ್ಟೆ ಬೇಕು, ಭಾರವೂ ಆಗುತ್ತದೆ. ಅರ್ಧ ವೃತ್ತದ ಕತ್ತರಿಕೆ ಹಗುರ. ಸೊಂಟ 72 ಸೆಂ.ಮೀ. ಆದರೆ ಒಳ ತ್ರಿಜ್ಯ 72 ÷ 3.14, ಅಂದರೆ 23 ಸೆಂ.ಮೀ. ಅದಕ್ಕೆ 95 ಕೂಡಿಸಿದರೆ ಹೊರ ತ್ರಿಜ್ಯ 118. 44 ಇಂಚು ಪನ್ನ 112 ಸೆಂ.ಮೀ. ಮಾತ್ರ, ಆರು ಸೆಂ.ಮೀ. ಸಾಲದು. 58 ಇಂಚು ಪನ್ನದಲ್ಲಿ ಎರಡೂವರೆ ಮೀಟರ್ ಕೊಳ್ಳಿ. ಕತ್ತರಿಸಿ ಸೊಂಟಪಟ್ಟಿ ಹೊಲಿದ ಮೇಲೆ ಒಂದು ದಿನ ತೂಗುಹಾಕಬೇಕು. ಬಟ್ಟೆ ಓರೆಯಾಗಿ ಬರುವ ಕಡೆ ತಾನಾಗಿ ಇಳಿಯುತ್ತದೆ. ತೂಗುಹಾಕದೆ ಅಂಚು ಮಡಿಸಿದರೆ ಮೇಳದ ದಿನ ಒಂದು ಕಡೆ ಪಾದ ಕಾಣುತ್ತದೆ, ಇನ್ನೊಂದು ಕಡೆ ನೆಲ ಗುಡಿಸುತ್ತದೆ.

ಕೊನೆಗೊಂದು ಪರೀಕ್ಷೆ ತಪ್ಪಿಸಬಾರದು. ಪೂರ್ತಿ ವೇಷದಲ್ಲಿ ಕಿಟಕಿಗೆ ಬೆನ್ನು ಮಾಡಿ ನಿಂತು ಒಂದು ಫೋಟೋ, ಎದುರಿನಿಂದ ಒಂದು ಮೀಟರ್ ದೂರದಲ್ಲಿ ಫ್ಲ್ಯಾಶ್ ಹಾಕಿ ಇನ್ನೊಂದು. ಕನ್ನಡಿಯಲ್ಲಿ ದಪ್ಪವಾಗಿ ಕಂಡ ಬಿಳಿ ಬಟ್ಟೆ ಫ್ಲ್ಯಾಶ್‌ನಲ್ಲಿ ಪಾರದರ್ಶಕವಾಗುವುದು ಆಗ ಗೊತ್ತಾಗುತ್ತದೆ. ಅಂಥ ಕಡೆ ಅಸ್ತರು ಕೊಡಬೇಕು.

ಪಿನ್ನು ಮತ್ತು ಸೆಕೆ

ತಲೆವಸ್ತ್ರ ಕಟ್ಟುವಾಗ ಎರಡೂ ಕೈ ಬಟ್ಟೆಯಲ್ಲಿರುತ್ತವೆ, ಪಿನ್ನು ತುಟಿಗಳ ನಡುವೆ ಇರುತ್ತದೆ. ಆಗ ನಗು ಬಂದರೆ, ಕೆಮ್ಮಿದರೆ, ಯಾರೋ ಕರೆದಾಗ ಓಗೊಟ್ಟರೆ ಪಿನ್ನು ಉಸಿರಿನೊಂದಿಗೆ ಶ್ವಾಸನಾಳಕ್ಕೆ ಇಳಿಯಬಹುದು. ಇಂಥ ಪ್ರಕರಣಗಳು ಟರ್ಕಿ, ಈಜಿಪ್ಟ್, ಮಲೇಷ್ಯಾ, ಇಂಡೊನೇಷ್ಯಾಗಳ ವೈದ್ಯಕೀಯ ಸಾಹಿತ್ಯದಲ್ಲಿ ಎಷ್ಟೋ ದಾಖಲಾಗಿವೆ. ಬಹುಪಾಲು ಹದಿಹರೆಯದ ಹುಡುಗಿಯರು. ಬ್ರಾಂಕೋಸ್ಕೋಪಿ ಮಾಡಿ, ಅಂದರೆ ಶ್ವಾಸನಾಳಕ್ಕೆ ಕ್ಯಾಮೆರಾ ಕೊಳವೆ ಇಳಿಸಿ, ತೆಗೆಯಬೇಕಾಗುತ್ತದೆ. ಗೆಳತಿಯರ ಹರಟೆಯ ನಡುವೆ ಹತ್ತಾರು ಪಿನ್ನು ಚುಚ್ಚುವ ಈ ಹವ್ಯಾಸದಲ್ಲಿ ಅಪಾಯ ಇನ್ನೂ ಹೆಚ್ಚು. ಮಣಿಕಟ್ಟಿಗೆ ಪಿನ್ನಿನ ಮೆತ್ತೆ ಕಟ್ಟಿಕೊಳ್ಳಿ. ಬಾಯಲ್ಲಿ ಪಿನ್ನು ಇಡುವವಳ ಕೈಯಿಂದ ಅದನ್ನು ಕಸಿದುಕೊಳ್ಳಿ, ಮುಜುಗರ ಬೇಡ. ತೆಳು ಬಟ್ಟೆಗೆ ಆಯಸ್ಕಾಂತದ ಪಿನ್ನು ಒಳ್ಳೆಯದು, ತೂತು ಬೀಳುವುದಿಲ್ಲ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಅದೂ ಬೇಡ. ಎರಡು ಆಯಸ್ಕಾಂತ ನುಂಗಿದರೆ ಅವು ಕರುಳನ್ನೇ ನಡುವೆ ಹಿಡಿಯುತ್ತವೆ.

ಕೌಲಾಲಂಪುರ, ಜಕಾರ್ತಾದ ಹಗಲು 32-33 ಡಿಗ್ರಿ, ಮಂಗಳೂರಿನಂಥದೇ ಬೆವರು. ತಲೆಯ ಮೇಲೆ ಮೂರು ಪದರದ ಮಿತಿ ಇಟ್ಟುಕೊಳ್ಳಬೇಕು. ಪಾಲಿಯೆಸ್ಟರ್ ಹೊರಗಿರಲಿ, ಚರ್ಮ ತಾಗುವುದು ಹತ್ತಿಯೇ ಆಗಿರಲಿ. ಶೌಚಾಲಯಕ್ಕೆ ಹೋಗುವುದು ಕಷ್ಟವೆಂದು ನೀರು ಕುಡಿಯದವರು ಮಧ್ಯಾಹ್ನ ಮೂರರ ಹೊತ್ತಿಗೆ ಕುಸಿಯುತ್ತಾರೆ. ಲಂಗಕ್ಕೆ ಪಕ್ಕದ ಜಿಪ್ ಕೊಟ್ಟರೆ ಆ ಕಷ್ಟ ಅರ್ಧ ಕಡಿಮೆ.

ನಮಾಝಿನ ಹೊತ್ತು

ಬೆಳಗ್ಗೆ ಹತ್ತಕ್ಕೆ ಬಂದು ಸಂಜೆ ಏಳಕ್ಕೆ ಹೊರಡುವವಳಿಗೆ ಮೇಳದೊಳಗೇ ಮಧ್ಯಾಹ್ನದ ಝುಹರ್, ಇಳಿಹೊತ್ತಿನ ಅಸರ್ ಎಂಬ ಎರಡು ನಮಾಝಿನ ಹೊತ್ತು ಬರುತ್ತವೆ. ಕೌಲಾಲಂಪುರದಲ್ಲಿ ಝುಹರ್ ಒಂದು ಗಂಟೆಯ ಆಸುಪಾಸು, ಫೋಟೋಗಳ ಭರಾಟೆಯ ಹೊತ್ತು. ಉಡುಪು ಕಟ್ಟುವಾಗಲೇ ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೆ ಅರ್ಧ ದಿನ ಬಿಚ್ಚುವುದಕ್ಕೂ ಕಟ್ಟುವುದಕ್ಕೂ ಹೋಗುತ್ತದೆ.

ನಮಾಝಿಗೆ ಮೊದಲಿನ ಶುದ್ಧಿಯಾದ ವುಝೂ ಮಾಡುವಾಗ ಮುಖ ತೊಳೆಯಬೇಕು, ಮೊಣಕೈವರೆಗೆ ಕೈ, ಹರಡುವರೆಗೆ ಕಾಲು ತೊಳೆಯಬೇಕು, ತಲೆಯನ್ನು ಒದ್ದೆ ಕೈಯಲ್ಲಿ ಸವರಬೇಕು. ನೀರು ಚರ್ಮಕ್ಕೆ ತಲುಪಲೇಬೇಕು. ಹಾಗಾಗಿ ತೋಳಿಗೆ ಮಣಿಕಟ್ಟಿನಿಂದ ಮೊಣಕೈವರೆಗೆ ಜಿಪ್ ಅಥವಾ ವೆಲ್‌ಕ್ರೋ, ಬೂಟಿಗೆ ಒಳಬದಿಯ ಜಿಪ್. ಅಂಟಿಸುವ ಉಗುರು, ನೇಲ್ ಪಾಲಿಷ್, ನೀರು ತಡೆಯುವ ದಪ್ಪ ಮೇಕಪ್ ಬೇಡ. ಬಣ್ಣ ಹಚ್ಚಲೇಬೇಕಾದ ಪಾತ್ರವಾದರೆ ಮೇಕಪ್ ಅಳಿಸುವ ಒದ್ದೆ ಹಾಳೆಗಳನ್ನೂ ಮತ್ತೆ ಹಚ್ಚಲು ಇಪ್ಪತ್ತು ನಿಮಿಷವನ್ನೂ ಕೈಯಲ್ಲಿಟ್ಟುಕೊಳ್ಳಬೇಕು. ತಲೆ ಸವರುವ ವಿಷಯದಲ್ಲಿ ಶಾಫಿ ಪಂಥದಲ್ಲಿ ತಲೆಯ ಒಂದಿಷ್ಟು ಭಾಗ ಸಾಕು, ಹನಫಿಯಲ್ಲಿ ಕಾಲು ಭಾಗ. ಮಲೇಷ್ಯಾ, ಇಂಡೊನೇಷ್ಯಾದವರು ಹೆಚ್ಚಾಗಿ ಶಾಫಿಗಳು. ನಮ್ಮ ಭಟ್ಕಳದ ನವಾಯತರೂ ಮಂಗಳೂರಿನ ಬ್ಯಾರಿಗಳೂ ಅದೇ ಪಂಥದವರು. ಒಳಟೋಪಿಯ ಅಂಚಿನಡಿ ಒದ್ದೆ ಬೆರಳು ತೂರಿದರೆ ಅವರ ಕೆಲಸ ಆಗುತ್ತದೆ. ಕರ್ನಾಟಕದ ಉಳಿದ ಕಡೆಯ ಹನಫಿ ಹುಡುಗಿಗೆ ಸ್ಕಾರ್ಫನ್ನು ಸಡಿಲಿಸುವ ಅವಕಾಶ ಬೇಕು. ಜುಟ್ಟಿನ ಘಟಕ ಪ್ರೆಸ್ ಬಟನ್ನಿನಲ್ಲಿ ಬಿಚ್ಚಿ ಬರಬೇಕು ಎನ್ನುವುದು ಇದಕ್ಕೇ.

ಪ್ರಾರ್ಥನೆಗೆ ನಿಲ್ಲುವಾಗ ವೇಷದ ಮೇಲೆ ತೆಲೆಕುಂಗ್ ಹೊದ್ದುಕೊಳ್ಳುತ್ತಾರೆ. ಇಂಡೊನೇಷ್ಯಾದಲ್ಲಿ ಇದಕ್ಕೆ ಮುಕೆನಾ ಎನ್ನುತ್ತಾರೆ. ತಲೆಯಿಂದ ಸೊಂಟದ ಕೆಳಗಿನವರೆಗೆ ಒಂದು ತುಂಡು, ಕೆಳಗೆ ಲಂಗ. ಪ್ಯಾರಾಶೂಟ್ ಬಟ್ಟೆಯದಾದರೆ ಮಡಿಚಿ ಅಂಗೈಯಗಲದ ಚೀಲದಲ್ಲಿಡಬಹುದು. ಉಡುಪಿನ ಮೇಲೆ ಜೀವಿಗಳ ಚಿತ್ರವಿದ್ದರೆ ನಮಾಝಿನಲ್ಲಿ ಅದು ಇಷ್ಟದ ವಿಷಯವಲ್ಲ, ತೆಲೆಕುಂಗ್ ಅದನ್ನೂ ಮುಚ್ಚುತ್ತದೆ. ಹಣೆ ನೆಲಕ್ಕೆ ತಾಗಬೇಕಾದ್ದರಿಂದ ಬಟ್ಟೆಯ ಮುಂಗೂದಲು ಮೊದಲೇ ಕಳಚಿರಬೇಕು.

ಎರಡು ಕಡೆಯ ಮಾತು

ಇದನ್ನು ಒಪ್ಪದವರ ಆಕ್ಷೇಪ ಹಗುರವಾದದ್ದಲ್ಲ. ಕಣ್ಣು ಸೆಳೆಯುವುದನ್ನು ತಗ್ಗಿಸಲೆಂದು ತೊಡುವ ಬಟ್ಟೆಯನ್ನೇ ಕಣ್ಣು ಸೆಳೆಯುವ ಅಲಂಕಾರ ಮಾಡಿದರೆ ಅದರ ಉದ್ದೇಶ ಏನಾಯಿತು ಎಂದು ಅವರು ಕೇಳುತ್ತಾರೆ. ಹೀಗೆ ಸೊಬಗಿನ ಪ್ರದರ್ಶನಕ್ಕಿಳಿಯುವುದಕ್ಕೆ ‘ತಬರ್ರುಜ್’ ಎಂಬ ಪದವಿದೆ. ವೇಷ ಕಟ್ಟುವವರ ಉತ್ತರ ಬೇರೆ: ಮುಚ್ಚಬೇಕಾದದ್ದು ಮುಚ್ಚಿದೆ, ಜನ ನೋಡುವುದು ಪಾತ್ರವನ್ನು, ಕೈಕೆಲಸವನ್ನು. ಇಬ್ಬರೂ ಒಂದೇ ಗ್ರಂಥ ಓದಿ ಮಾತಾಡುತ್ತಾರೆ. ಹೊರಗಿನವರು ಇದನ್ನು ‘ಸಂಪ್ರದಾಯದ ವಿರುದ್ಧ ಬಂಡಾಯ’ ಎಂದು ಬಣ್ಣಿಸಿದರೆ ಎರಡೂ ಕಡೆಯವರಿಗೆ ಅನ್ಯಾಯ. ಜುಟ್ಟಿನ ಪಟ್ಟಿಯ ಕೆಳಗೆ ಜರ್ಸಿ ಸ್ಕಾರ್ಫನ್ನು ಅಷ್ಟು ಜತನದಿಂದ ಸುತ್ತುವವಳು ಬಂಡಾಯ ಮಾಡುತ್ತಿಲ್ಲ.

ಮೇಳದ ನಡವಳಿಕೆಗೂ ಇದು ಇಳಿಯುತ್ತದೆ. ಫೋಟೋಗೆ ನಿಲ್ಲುವಾಗ ಹೆಗಲ ಮೇಲೆ ಕೈ ಹಾಕುವುದು ಬೇಡ. ಗಂಡಸರ ಕೈ ಕುಲುಕದವಳು ಅಂಗೈಯನ್ನು ಎದೆಗಿಟ್ಟು ನಮಿಸುತ್ತಾಳೆ, ಅದನ್ನು ಹಾಗೆಯೇ ಸ್ವೀಕರಿಸಿ. ‘ಇದರೊಳಗೆ ನಿನ್ನ ಕೂದಲು ಎಷ್ಟುದ್ದ’ ಎಂದು ಕೇಳಬೇಡಿ. ‘ಜುಟ್ಟು ಹೇಗೆ ನಿಲ್ಲಿಸಿದೆ’ ಎಂದು ಕೇಳಿದರೆ ಅರ್ಧ ಗಂಟೆ ಖುಷಿಯಿಂದ ಹೇಳುತ್ತಾಳೆ.

ಬೆಂಗಳೂರಿನಲ್ಲಿ 2012ರಿಂದ ಕಾಮಿಕ್ ಕಾನ್ ಬಂದಿದೆ. ಇಲ್ಲಿ ಶುರುಮಾಡುವವರಿಗೆ ಬೇಕಾದ್ದೆಲ್ಲ ಊರಿನಲ್ಲೇ ಉಂಟು: ಜಾರ್ಜೆಟ್, ಸ್ಯಾಟಿನ್ ಚಿಕ್ಕಪೇಟೆಯಲ್ಲಿ, ಪೀಕೊ ಯಾವುದೇ ಬೀದಿಯಲ್ಲಿ. ಇವಿಎ ಫೋಮ್ ಸಿಗದಿದ್ದರೆ ಮಕ್ಕಳು ಆಡಲು ನೆಲಕ್ಕೆ ಹಾಸುವ ಜೋಡಿಸುವ ಮ್ಯಾಟ್ ಆದೀತು. ಅದು 10 ಮಿ.ಮೀ. ದಪ್ಪ, ಕತ್ತಿಯಲ್ಲಿ ಸೀಳಿ ಅರ್ಧ ಮಾಡಿಕೊಳ್ಳಬೇಕು.

ಮೇಳ ಮುಗಿದ ರಾತ್ರಿ ಜುಟ್ಟುಗಳನ್ನು ಪಟ್ಟಿಯ ಸಮೇತ ತಣ್ಣೀರಿನಲ್ಲಿ ಅದ್ದಿ, ಹಿಂಡದೆ ನೆರಳಿನಲ್ಲಿ ತೂಗುಹಾಕಿ. ಫೋಮ್ ಬಿಲ್ಲೆ ನೀರು ಕುಡಿಯುವುದಿಲ್ಲ, ಸುತ್ತಿದ ಬಟ್ಟೆ ಕುಡಿಯುತ್ತದೆ, ಪೂರ್ತಿ ಒಣಗಲು ಎರಡು ದಿನ ಬೇಕು. ಮುಂಗೂದಲಿನ ತ್ರಿಕೋನಗಳನ್ನು ಮಡಿಸದೆ ರಟ್ಟಿನ ಮೇಲೆ ಚಪ್ಪಟೆಯಾಗಿ ಇಡಿ, ಕ್ಯಾನ್ವಾಸ್ ಒಮ್ಮೆ ಮುರಿದರೆ ಇಸ್ತ್ರಿಗೂ ಬಗ್ಗುವುದಿಲ್ಲ. ಹಸಿರುನೀಲಿ ಜರ್ಸಿ ಸ್ಕಾರ್ಫಿಗೆ ಮಾತ್ರ ಪೆಟ್ಟಿಗೆ ಬೇಕಿಲ್ಲ. ಏನನ್ನೂ ಹೊಲಿದಿಲ್ಲವಲ್ಲ, ಒಗೆದು ಒಣಗಿಸಿದರೆ ಸೋಮವಾರ ಬೆಳಗ್ಗೆ ಮನೆಯಿಂದ ಹೊರಡುವಾಗ ಅದನ್ನೇ ಸುತ್ತಿಕೊಳ್ಳಬಹುದು.